ಬೆಸುಗೆ ಎಲ್ಲಿ ಹಾಕಬೇಕು: ಶಾಸ್ತ್ರೀಯ ನೃತ್ಯ, ಸಮಕಾಲೀನ ಚಲನೆ ಮತ್ತು ಹಲವು ದೇಶಗಳ ವಾದ್ಯಗಳನ್ನು ಒಂದೇ ಕೃತಿಯಾಗಿ ಕಟ್ಟುವ ಬಗೆ

ಎರಡು ಆವರ್ತ (ತಾಳದ ಎರಡು ಸುತ್ತು) ಜತಿ, ಅಂದರೆ ಬಾಯಿಸೊಲ್ಲಿನ ಲಯಕ್ಕೆ ಕಟ್ಟಿದ ಹೆಜ್ಜೆಗಳು, ಆಮೇಲೆ ನೆಲದ ಮೇಲೆ ಒಂದಷ್ಟು ಉರುಳಾಟ, ನಡುವೆ ಆಫ್ರಿಕಾದ ಚರ್ಮವಾದ್ಯ ಜೆಂಬೆಯ ಒಂದು ಸೋಲೊ, ಮತ್ತೆ ತೀರ್ಮಾನ (ಮೂರು ಸಲ ಬರುವ ಮುಕ್ತಾಯದ ಲಯ). ಮಿಶ್ರ ಪ್ರಸ್ತುತಿಗಳು ಸೋಲುವುದು ಬಹುತೇಕ ಹೀಗೇ. ಎಲ್ಲರೂ ತಂತಮ್ಮ ಪಾಲನ್ನು ಚೆನ್ನಾಗಿಯೇ ಮಾಡಿರುತ್ತಾರೆ. ಆದರೆ ಒಂದು ಇನ್ನೊಂದಾಗಿ ತಿರುಗುವ ಎರಡು ಮೂರು ಸೆಕೆಂಡಿನ ಕಡೆ ಯಾರೂ ಗಮನ ಕೊಟ್ಟಿರುವುದಿಲ್ಲ. ಅಲ್ಲಿ ನರ್ತಕರು ಸುಮ್ಮನೆ ನಡೆದು ಜಾಗ ಬದಲಿಸುತ್ತಾರೆ, ದೀಪ ಮಂಕಾಗುತ್ತದೆ, ವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಈ ಬರಹ ಆ ಬೆಸುಗೆಯ ಜಾಗಗಳ ಬಗ್ಗೆ. ಅವು ಮುಖ್ಯವಾಗಿ ಮೂರು: ಮೈಭಾರದಲ್ಲಿ ಒಂದು, ಲಯದಲ್ಲಿ ಒಂದು, ಶ್ರುತಿಯಲ್ಲಿ ಒಂದು. ಉದಾಹರಣೆಗಳು ಹೆಚ್ಚಾಗಿ ಭರತನಾಟ್ಯದವು. ಕಥಕ್ ಅಥವಾ ಒಡಿಸ್ಸಿ ಮಾಡುವವರು ಅಡವು (ಮೂಲ ಹೆಜ್ಜೆಯ ಘಟಕ) ಎಂದಲ್ಲಿ ತತ್ಕಾರವನ್ನೋ, ಅರಮಂಡಿ (ಮಂಡಿ ಹೊರಕ್ಕೆ ಮಡಿಸಿದ ಅರೆಕೂತ ನಿಲುವು) ಎಂದಲ್ಲಿ ಚೌಕವನ್ನೋ ಇಟ್ಟುಕೊಂಡು ಓದಬಹುದು. ಲೆಕ್ಕಕ್ಕೆ 20 ನಿಮಿಷದ ಕೃತಿ, ಆರು ನರ್ತಕರು, ಐದು ವಾದ್ಯದವರು ಎಂದಿಟ್ಟುಕೊಳ್ಳೋಣ.

ಬಿಟ್ಟುಕೊಡದ ಸಂಗತಿಗಳು

ತಾಲೀಮು ಶುರುವಾಗುವ ಮುಂಚೆ ಪ್ರತಿ ಕಡೆಯವರೂ ಒಂದು ಹಾಳೆಯ ಮೇಲೆ ತಾವು ಏನೇ ಆದರೂ ಬಿಟ್ಟುಕೊಡದ ಮೂರು ಸಂಗತಿ ಬರೆಯಲಿ. ಭರತನಾಟ್ಯದವರು ಅರಮಂಡಿಯ ಆಳ, ಕಾಲಿನ ಪೆಟ್ಟಿನ ಸ್ಪಷ್ಟತೆ, ಹಸ್ತದ (ಕೈಮುದ್ರೆಯ) ಶುದ್ಧಿ ಎಂದು ಬರೆಯಬಹುದು. ಸಮಕಾಲೀನ ನೃತ್ಯದವರು ಉಸಿರಿನಿಂದ ಹುಟ್ಟುವ ಬೆನ್ನಿನ ಚಲನೆ, ನೆಲದ ಬಳಕೆ, ಸಮತೋಲ ಕಳೆದುಕೊಳ್ಳುವ ಸ್ವಾತಂತ್ರ್ಯ ಎನ್ನಬಹುದು. ಅರಬ್ ತಂತಿವಾದ್ಯ ಊದ್ ನುಡಿಸುವವರು ತಮ್ಮ ಮಕಾಮಿನ (ಅರಬ್ ರಾಗಪದ್ಧತಿಯ) ಸ್ವರಸ್ಥಾನಗಳನ್ನು ಬದಲಿಸುವುದಿಲ್ಲ ಎನ್ನಬಹುದು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಬಾಗಿಸಲು ಸಿಗುವ ಸಾಮಗ್ರಿ: ಸದಾ ಪ್ರೇಕ್ಷಕರ ಕಡೆ ಮುಖ ಮಾಡಿರುವುದು, ಮಾರ್ಗದ (ಕಛೇರಿಯಲ್ಲಿ ನೃತ್ಯಗಳು ಬರುವ ಸಾಂಪ್ರದಾಯಿಕ) ಕ್ರಮ, ಉಡುಪು, ಎರಡೂ ಬದಿಗೆ ಒಂದೇ ಅಡವನ್ನು ಮಾಡಲೇಬೇಕೆಂಬ ರೂಢಿ.

ನೃತ್ಯಗ್ರಾಮದ ಒಡಿಸ್ಸಿ ಕಲಾವಿದೆಯರು ಶ್ರೀಲಂಕಾದ ಚಿತ್ರಸೇನ ತಂಡದ ಕ್ಯಾಂಡಿಯನ್ (ಅಲ್ಲಿನ ಸಾಂಪ್ರದಾಯಿಕ ನೃತ್ಯದ) ನರ್ತಕರ ಜೊತೆ 2012ರಲ್ಲಿ ಕಟ್ಟಿದ ‘ಸಂಹಾರ’ ಈ ದಾರಿಯ ಒಳ್ಳೆಯ ಉದಾಹರಣೆ. ಒಡಿಸ್ಸಿ ಒಡಿಸ್ಸಿಯಾಗಿಯೇ, ಕ್ಯಾಂಡಿಯನ್ ಕ್ಯಾಂಡಿಯನ್ ಆಗಿಯೇ ಉಳಿದು, ಎರಡರ ನಡುವಿನ ಮಾತುಕತೆಯೇ ಕೃತಿಯಾಯಿತು. ಎಲ್ಲವನ್ನೂ ಅರೆದು ಒಂದೇ ಬಣ್ಣ ಮಾಡಬೇಕಾಗಿಲ್ಲ.

ಹಸ್ತಗಳ ಬಗ್ಗೆ ಇದೇ ಹಂತದಲ್ಲಿ ತೀರ್ಮಾನಿಸಿಬಿಡಿ. ಇಲ್ಲಿ ಹಸ್ತಕ್ಕೆ ಅರ್ಥವಿದೆಯೇ, ಅಥವಾ ಅದು ಬರೀ ಆಕಾರವೇ? ಪತಾಕ, ಅಲಪದ್ಮ, ಕತ್ತರೀಮುಖ ಶುದ್ಧ ನೃತ್ತದಲ್ಲಿ (ಕಥೆಯಿಲ್ಲದ, ಲಯದ ಕುಣಿತದಲ್ಲಿ) ಆಕಾರವಾಗಿಯೇ ಓಡಾಡುತ್ತವೆ, ತೊಂದರೆಯಿಲ್ಲ. ಆದರೆ ಶಿವಲಿಂಗ, ಶಂಖ, ಚಕ್ರದಂಥ ಹಸ್ತಗಳು ಅರ್ಥದ ಭಾರ ಹೊತ್ತವು. ಚಂದ ಕಂಡಿತೆಂದು ಅವನ್ನು ಅಮೂರ್ತ ಚಲನೆಯ ನಡುವೆ ಹಾಕಿದರೆ ನೃತ್ಯ ಬಲ್ಲ ಪ್ರೇಕ್ಷಕರು ಅಲ್ಲಿ ಇಲ್ಲದ ಕಥೆ ಹುಡುಕತೊಡಗುತ್ತಾರೆ. ನೋಟದ ಮಾತೂ ಅಷ್ಟೇ. ಕೈ ಹೋದಲ್ಲಿ ಕಣ್ಣು ಹೋಗಬೇಕೆಂಬುದು ನಮ್ಮ ಮೊದಲ ಪಾಠ. ಸಮಕಾಲೀನ ನೃತ್ಯದಲ್ಲಿ ನೋಟ ಹಲವು ಸಲ ಎಲ್ಲಿಯೂ ನೆಡದೆ ಇಡೀ ಜಾಗವನ್ನು ಹಿಡಿದಿರುತ್ತದೆ. ಯಾವ ಭಾಗದಲ್ಲಿ ಯಾವ ನೋಟ ಎಂದು ಬರೆದಿಟ್ಟುಕೊಳ್ಳದಿದ್ದರೆ ಆರು ಜನ ಆರು ಕಡೆ ನೋಡುತ್ತಾರೆ, ಅದು ದೂರದಿಂದಲೂ ಎದ್ದು ಕಾಣುತ್ತದೆ.

ಮೈಭಾರದ ಬೆಸುಗೆ

ಭರತನಾಟ್ಯದಲ್ಲಿ ಮೈಭಾರ ಎರಡು ಪಾದಗಳ ನಡುವೆ ನಿಂತಿರುತ್ತದೆ. ಕಾಲು ತಟ್ಟುವಾಗ ಸೊಂಟ ಮೇಲೆ ಕೆಳಗೆ ಕುಣಿಯಬಾರದೆಂದು ವರ್ಷಗಟ್ಟಲೆ ತಿದ್ದಿರುತ್ತಾರೆ. ಸಮಕಾಲೀನ ನೃತ್ಯ ಅದೇ ಭಾರವನ್ನು ಬೇಕೆಂದೇ ಪಾದದ ಆಚೆಗೆ ತಳ್ಳಿ ಬೀಳಲು ಬಿಡುತ್ತದೆ. ಆದ್ದರಿಂದ ಎರಡೂ ಸೇರುವುದು ಸೊಂಟದಲ್ಲಿ. ಅಲಪದ್ಮ ಹಿಡಿದು ಬೆನ್ನು ಬಳುಕಿಸುವುದು ಬರೀ ಅಲಂಕಾರ, ಅದರಿಂದ ಚಲನೆಯ ಸ್ವಭಾವ ಬದಲಾಗುವುದಿಲ್ಲ.

ಕೆಲಸ ಶುರು ಮಾಡಲು ನಾಟಡವಿನ, ಅಂದರೆ ಹಿಮ್ಮಡಿ ನಾಟುವ ಅಡವಿನ, ಮೊದಲನೆಯದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ‘ತೈ ಯುಂ ತತ್ತ ತೈ ಯುಂ ತಾ’ ಸೊಲ್ಲನ್ನು ಆದಿತಾಳದ ಎಂಟು ಅಕ್ಷರಕ್ಕೆ (ಎಣಿಕೆಗೆ), ಒಂದನೇ ಕಾಲದಲ್ಲಿ (ಅತಿ ನಿಧಾನದ ವೇಗದಲ್ಲಿ), ನಿಮಿಷಕ್ಕೆ 60 ಅಕ್ಷರದಂತೆ ಇಟ್ಟುಕೊಳ್ಳಿ. ಮೊದಲ ಆವರ್ತ ಗುರುಗಳು ಕಲಿಸಿದ ಹಾಗೆಯೇ, ಒಂದಿಷ್ಟೂ ಬದಲಿಸದೆ. ಎರಡನೇ ಆವರ್ತದಲ್ಲಿ ಹೀಗೆ:

ಒಂದನೇ ಅಕ್ಷರದಲ್ಲಿ ಬಲ ಹಿಮ್ಮಡಿಯನ್ನು ಮಾಮೂಲಿಗಿಂತ ಒಂದು ಗೇಣು ಆಚೆ ನಾಟಿ. ಎರಡರಲ್ಲಿ ಹಿಮ್ಮಡಿಯಿಂದ ಪೂರ್ತಿ ಪಾದ ನೆಲಕ್ಕೆ ಬರಲಿ, ಬಲ ಮಂಡಿ ಮಡಿಯಲಿ, ಸೊಂಟ ಪಾದದ ಮೇಲಕ್ಕೆ ಹೋಗಲಿ. ಅದೇ ಕ್ಷಣ ಎಡ ಹಿಮ್ಮಡಿ ಎದ್ದು, ಪಾದ ಬೆರಳ ತುದಿಯ ಮೇಲೆ ತಿರುಗಬೇಕು. ಮೂರರಲ್ಲಿ ಬಲ ಅಂಗೈ ನೆಲಕ್ಕೆ, ಮೊಣಕೈ ಸ್ವಲ್ಪ ಮಡಿಸಿ. ನಾಲ್ಕು ಐದರಲ್ಲಿ ಬಲ ಹಿಮ್ಮಡಿಯ ಪಕ್ಕದಲ್ಲಿ ಕೂತಂತೆ ಇಳಿದು, ಅಂಗೈಯನ್ನು ಆಚೆಗೆ ಜಾರಿಸುತ್ತಾ ತೊಡೆಯ ಹೊರಭಾಗ, ಪಕ್ಕೆ, ಭುಜದ ಹಿಂಭಾಗ ಒಂದಾದ ಮೇಲೊಂದು ನೆಲ ಮುಟ್ಟಲಿ. ಆರರಲ್ಲಿ ಮಂಡಿಗಳನ್ನು ಎದೆಗೆ ಎಳೆದುಕೊಂಡು, ಗಲ್ಲವನ್ನು ಒಳಕ್ಕೆ ಹಿಡಿದು, ಬೆನ್ನಿನ ಮೇಲ್ಭಾಗದಲ್ಲಿ ಬಲದಿಂದ ಎಡಕ್ಕೆ ಹೊರಳಿ. ಏಳರಲ್ಲಿ ಎಡ ಅಂಗೈ ಒತ್ತಿ ಪೂರ್ಣಮಂಡಿಗೆ (ಪೂರ್ತಿ ಕುಕ್ಕರುಗೂತ ನಿಲುವಿಗೆ) ಬನ್ನಿ. ಎಂಟರಲ್ಲಿ ಅರಮಂಡಿ, ಕೈಗಳು ಎದೆಯ ಮುಂದೆ. ಮುಂದಿನ ಸಮಕ್ಕೆ (ಆವರ್ತದ ಮೊದಲ ಎಣಿಕೆಗೆ) ನಾಟಡವು ಎಡಕ್ಕೆ ಹೊರಡುತ್ತದೆ.

ಇದರ ಜೀವಾಳ ಏಳನೇ ಅಕ್ಷರ. ನೆಲದಿಂದ ಏಳುವುದಕ್ಕೆ ಹೊರಗಿನ ಯಾವ ತಂತ್ರವನ್ನೂ ತರಬೇಕಾಗಿಲ್ಲ. ಪೂರ್ಣಮಂಡಿ ನಮ್ಮ ಪದ್ಧತಿಯಲ್ಲೇ ಇರುವ, ನೆಲಕ್ಕೆ ಅತಿ ಹತ್ತಿರದ ನಿಲುವು. ಅದರ ಮೂಲಕ ಹಾದು ಬಂದರೆ ನೋಡುವವರ ಕಣ್ಣಿಗೆ ಗಂಟು ಕಾಣುವುದಿಲ್ಲ.

ಮೊದಲ ವಾರ ಇದನ್ನು 16 ಅಕ್ಷರಕ್ಕೆ ಹಿಗ್ಗಿಸಿ ಮಾಡಿ, ಮೈಗೂಡಿದ ಮೇಲೆ ಎಂಟಕ್ಕೆ ತನ್ನಿ. ನಿಮಿಷಕ್ಕೆ 80 ಅಕ್ಷರ ದಾಟಿದರೆ ಇಳಿಯುವುದು ಹೋಗಿ ಎಸೆದುಕೊಳ್ಳುವುದಾಗುತ್ತದೆ. ಅಲ್ಲಿಂದ ಮುಂದೆ ವೇಗ ಬೇಕಿದ್ದರೆ ಹೊರಳುವ ಭಾಗವನ್ನೇ ಬಿಟ್ಟು, ಅಂಗೈ ಮುಟ್ಟಿ ಏಳುವಷ್ಟಕ್ಕೆ ನಿಲ್ಲಿಸಿ.

ತಪ್ಪು ಆಗುವುದು ಎಲ್ಲಿ ಎಂದರೆ, ಎರಡನೇ ಅಕ್ಷರದಲ್ಲಿ ಎಡ ಪಾದವನ್ನು ತಿರುಗಿಸದೆ ಬಿಡುವುದರಲ್ಲಿ. ಅರಮಂಡಿಯಲ್ಲಿ ಮಂಡಿ ಹೊರಮುಖವಾಗಿರುತ್ತದೆ. ಪಾದ ನೆಲಕ್ಕೆ ಅಂಟಿಕೊಂಡಿರುವಾಗ ಸೊಂಟ ಆಚೆ ಹೋದರೆ ಆ ತಿರುಚುವಿಕೆಯಷ್ಟೂ ಮಂಡಿಯ ಮೇಲೆ ಬೀಳುತ್ತದೆ. ಹಿಮ್ಮಡಿ ಮೊದಲು ಏಳಬೇಕು, ಭಾರ ಆಮೇಲೆ ಹೋಗಬೇಕು. ದಣಿದಾಗ ಇನ್ನೊಂದು ಅಪಾಯ: ಸೊಂಟದಿಂದ ತೆರೆದುಕೊಳ್ಳಬೇಕಾದ ಕಾಲನ್ನು ಪಾದದಿಂದ ತೆರೆದು ನಿಲ್ಲುತ್ತಾರೆ. ಅರಮಂಡಿಯಲ್ಲಿ ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿದೆಯೇ ಎಂದು ಪಕ್ಕದಲ್ಲಿ ನಿಂತು ನೋಡುವವರು ಒಬ್ಬರು ಬೇಕೇ ಬೇಕು. ಹೊರಳುವಾಗ ಬೆನ್ನುಹುರಿಯ ಎಲುಬಿನ ಮೇಲೆ ನೇರವಾಗಿ ಹೋಗಕೂಡದು, ಹೆಗಲ ಮೂಳೆಗಳ ಮಾಂಸಲ ಭಾಗದ ಮೇಲೆ ಹೋಗಬೇಕು. ಜಡೆಬಿಲ್ಲೆ, ಕುಚ್ಚು, ಹಿಂಭಾಗದ ತುರುಬು ಯಾವುದೂ ಇರಕೂಡದು. ಜಡೆಯನ್ನು ನೆತ್ತಿಯ ಹತ್ತಿರ ಚಪ್ಪಟೆಯಾಗಿ ಸುತ್ತಿ ಪಿನ್ ಮಾಡಿ.

ಇದರ ತಿರುವುಮುರುವು ಪ್ರಯೋಗ, ಅಂದರೆ ಸಮಕಾಲೀನ ನರ್ತಕರಿಗೆ ಅಡವು ಕಲಿಸುವುದು, ಅಷ್ಟು ಸುಲಭವಲ್ಲ. ಎಂಟು ವಾರದಲ್ಲಿ ಅರಮಂಡಿ ಬರುವುದಿಲ್ಲ. ಅರ್ಧಂಬರ್ಧ ಅರಮಂಡಿಯನ್ನು ಪಳಗಿದ ಅರಮಂಡಿಯ ಪಕ್ಕದಲ್ಲಿ ನಿಲ್ಲಿಸುವುದು ಇಬ್ಬರಿಗೂ ಅನ್ಯಾಯ. ಅವರಿಗೆ ತಟ್ಟಡವಿನ ಲಯವನ್ನು ನೇರ ಪಾದದಲ್ಲಿ, ಮಂಡಿ ಸ್ವಲ್ಪವೇ ಮಡಿಸಿ ಕೊಡಿ. ಅಥವಾ ಅಡವು ಮಾಡುವವರ ಭಾರವನ್ನು ಹೊತ್ತು ತಿರುಗಿಸುವ, ತಡೆದು ಇಳಿಸುವ ಪಾತ್ರ ಕೊಡಿ. ಆ ಕೆಲಸದಲ್ಲಿ ಅವರು ಪಳಗಿದವರು.

ನೆಲ ಮತ್ತು ಪೆಟ್ಟಿನ ಲೆಕ್ಕವನ್ನೂ ಇಡಿ. ಕೆಳಗೆ ಗಾಳಿ ಆಡುವ ಮರದ ನೆಲ ಬೇಕು. ಕಾಂಕ್ರೀಟಿನ ಮೇಲೆ, ಅದರ ಮೇಲೆ ಹಾಸಿದ ತೆಳು ಮ್ಯಾಟಿನ ಮೇಲೆ ಕೂಡ, ಪೂರ್ತಿ ಬಲದ ಪೆಟ್ಟು ದಿನವೂ ಬಿದ್ದರೆ ಮೊಣಕಾಲಿನ ಕೆಳಗಿನ ಎಲುಬು ನೋಯತೊಡಗುತ್ತದೆ, ಸಣ್ಣ ಬಿರುಕೂ ಬರಬಹುದು. ಮೂರು ಗಂಟೆಯ ತಾಲೀಮಿನಲ್ಲಿ ಪೂರ್ತಿ ಬಲದ ತಟ್ಟುವಿಕೆ 40 ನಿಮಿಷ ಮೀರದಿರಲಿ. ಉಳಿದದ್ದು ಮೆಲ್ಲಗೆ ಗುರುತು ಹಾಕಿಕೊಂಡು ಹೋಗುವುದಕ್ಕೆ. ನೀಳವಾಗಿ ಹಿಡಿದು ನಿಲ್ಲುವ ಸ್ಟ್ರೆಚ್‌ಗಳು ತಾಲೀಮಿನ ಕೊನೆಗೆ, ಶುರುವಿನಲ್ಲಿ ಮೈ ಬೆಚ್ಚಗಾಗುವ ಚಲನೆಗಳು ಮಾತ್ರ.

ಲಯ: ಒಂದೇ ಸಂಖ್ಯೆ, ಬೇರೆ ಬೇರೆ ಭಾರ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಜೀವಂತ ವಾದ್ಯಗಳ ಜೊತೆ ಕೃತಿ ಕುಸಿಯುವುದು ಮುಕ್ಕಾಲು ಪಾಲು ಇಲ್ಲಿಯೇ.

ಮೊದಲ ಎಡವಟ್ಟು, ಅಂಕಿ ನೋಡಿ ತಾಳ ಹೊಂದಿಸುವುದು. ನಮ್ಮ ಮಿಶ್ರಛಾಪು ತಾಳ ಏಳು ಮಾತ್ರೆ (ಲಯದ ಚಿಕ್ಕ ಎಣಿಕೆ), ಬಲ್ಗೇರಿಯಾದ ಜನಪದ ನೃತ್ಯ ರಾಚೆನಿತ್ಸಾ ಏಳು, ಸರಿ ಹೋಯಿತು ಎಂದುಕೊಳ್ಳುತ್ತಾರೆ. ಮಿಶ್ರಛಾಪುವಿನ ಒಳನಡೆ 3+2+2, ‘ತಕಿಟ ತಕ ತಕ’. ರಾಚೆನಿತ್ಸಾ 2+2+3, ‘ತಕ ತಕ ತಕಿಟ’. ಇಬ್ಬರೂ ಒಟ್ಟಿಗೆ ಒಂದರಿಂದ ಶುರು ಮಾಡಿದರೆ ಎತ್ತು ಏರಿಗೆಳೆದಂತೆ, ಕೋಣ ನೀರಿಗೆಳೆದಂತೆ. ಪರಿಹಾರ ಚಿಕ್ಕದು: ವಾದ್ಯದವರು ಮೂರು ಮಾತ್ರೆ ತಡವಾಗಿ ಶುರು ಮಾಡಲಿ. 3+2+2 ಸುತ್ತುತ್ತಿರುವಾಗ ನಾಲ್ಕನೇ ಮಾತ್ರೆಯಿಂದ ಕೇಳಿದರೆ ಅದು 2+2+3 ಆಗಿಯೇ ಕೇಳಿಸುತ್ತದೆ. ಇಬ್ಬರ ಭಾರಗಳೂ ಒಂದೇ ಜಾಗದಲ್ಲಿ ಬೀಳುತ್ತವೆ, ಇಬ್ಬರ ‘ಒಂದು’ ಮಾತ್ರ ಬೇರೆ. ಇನ್ನು ವೇಗ. ರಾಚೆನಿತ್ಸಾ ಬಹಳ ಚುರುಕು, ಪ್ರತಿ ಮಾತ್ರೆಗೂ ಕಾಲು ತಟ್ಟಲು ಆಗುವುದಿಲ್ಲ. ಗುಂಪಿನ ತಲೆಗೆ ಮಾತ್ರ, ಆವರ್ತಕ್ಕೆ ಮೂರು ಪೆಟ್ಟು ಸಾಕು. ಅಲ್ಲಿನ ನರ್ತಕರೂ ಮೂರೇ ಹೆಜ್ಜೆ ಹಾಕುತ್ತಾರೆ.

ಹತ್ತರ ವಿಷಯ ಇನ್ನೂ ಸೊಗಸಾಗಿದೆ. ಅರಬ್ ಸಂಗೀತದ ಸಮಾಯಿ 3+2+2+3, ಹಿಂದೂಸ್ತಾನಿ ಝಪ್‌ತಾಲ 2+3+2+3. ಮೊದಲನೆಯದರ ಗುಂಪುಗಳು 1, 4, 6, 8ರಲ್ಲಿ ಹುಟ್ಟುತ್ತವೆ, ಎರಡನೆಯದರವು 1, 3, 6, 8ರಲ್ಲಿ. ಅಂದರೆ ಒಂದೇ ಒಂದು ಜಾಗದಲ್ಲಿ ಭಿನ್ನಾಭಿಪ್ರಾಯ. ಕಾಲಿನ ಕೆಲಸವನ್ನು 1, 6, 8ಕ್ಕೆ ಕಟ್ಟಿ, ಮೂರು ನಾಲ್ಕರ ಜಾಗದಲ್ಲಿ ನಿಶ್ಚಲವಾಗಿ ನಿಲ್ಲಿ. ಆಗ ವಾದ್ಯಗಳ ನಡುವಿನ ಆ ಸಣ್ಣ ಎಳೆದಾಟ ಪ್ರೇಕ್ಷಕರಿಗೆ ಕೇಳಿಸುತ್ತದೆ.

ಸ್ಪೇನಿನ ಫ್ಲಮೆಂಕೊದ ಬುಲೇರಿಯಾಸ್ ಲಯ 12 ಎಣಿಕೆಯದು, ಒತ್ತು ಬೀಳುವುದು 12, 3, 6, 8, 10ರ ಮೇಲೆ. ಆದಿತಾಳ ತಿಶ್ರ ನಡೆಯ (ಪ್ರತಿ ಅಕ್ಷರಕ್ಕೆ ಮೂರು ಮಾತ್ರೆಯ) ಒಂದು ಆವರ್ತ 24 ಮಾತ್ರೆ, ಅಂದರೆ ಸರಿಯಾಗಿ ಎರಡು ಸುತ್ತು. ಆದರೆ ಸುತ್ತು ಹೊರಡುವುದು ಅವರ 12ರಿಂದ. ನಮ್ಮ ಸಮ ಅವರ 12ಕ್ಕೆ ಕೂರಬೇಕು. ‘ಒಂದರಿಂದ ಶುರು’ ಎಂದು ಬಾಯಲ್ಲಿ ಹೇಳಿಕೊಂಡು ಹೊರಟರೆ ಒಂದು ಮಾತ್ರೆ ಸರಿದು, ಇಡೀ ತಾಲೀಮು ಏನೋ ಸರಿಯಿಲ್ಲ ಎನ್ನಿಸುತ್ತಿರುತ್ತದೆ, ಏನೆಂದು ಯಾರಿಗೂ ಹೊಳೆಯುವುದಿಲ್ಲ. ಸರಿಯಾಗಿ ಕೂತ ಮೇಲೂ ಒಂದು ಜಾಗ ಕಾಡುತ್ತದೆ. ಮೊದಲ ಮೂರು ಅಕ್ಷರಗಳ ತಲೆಗೆ ಅವರ ಒತ್ತು ಸಿಗುತ್ತದೆ. ನಾಲ್ಕನೇ ಅಕ್ಷರದ ತಲೆ ಅವರ 9, ಅಲ್ಲಿ ಒತ್ತಿಲ್ಲ. ಒಂದು ಮಾತ್ರೆ ಮುಂಚೆ 8ರಲ್ಲಿದೆ, ಒಂದು ಮಾತ್ರೆ ಆಮೇಲೆ 10ರಲ್ಲಿದೆ. ನರ್ತಕರ ಕಾಲು ಎಡವುವುದು ಅಲ್ಲೇ. ಮೊದಲ ವಾರ ಆ ನಾಲ್ಕನೇ ಅಕ್ಷರಕ್ಕೆ ಕಾಲಿಡದೆ, ಚಪ್ಪಾಳೆಯನ್ನಷ್ಟೇ ತಟ್ಟಿ ಕಿವಿ ಪಳಗಿಸಿ. ಪಶ್ಚಿಮ ಆಫ್ರಿಕಾದ 12ರ ಗಂಟೆಯ ನಡೆಯಲ್ಲೂ (2+2+1+2+2+2+1) ಇದೇ ಕಥೆ. ತಿಶ್ರದ ನಾಲ್ಕು ಅಕ್ಷರಗಳಲ್ಲಿ ಒಂದನೆಯದರ ಮತ್ತು ನಾಲ್ಕನೆಯದರ ತಲೆಗೆ ಮಾತ್ರ ಗಂಟೆ ಸಿಗುತ್ತದೆ, ನಡುವಿನ ಎರಡಕ್ಕೆ ಸಿಗುವುದಿಲ್ಲ. ಗಂಟೆಯನ್ನೇ ಹಿಂಬಾಲಿಸಿದ ಕಾಲು ಹಾದಿ ತಪ್ಪುತ್ತದೆ. ನರ್ತಕರು ಎದೆಯೊಳಗೆ ನಾಲ್ಕನ್ನು ಹಿಡಿದುಕೊಂಡು ಗಂಟೆಯನ್ನು ಮೇಲೆ ಹಾರಲು ಬಿಡಬೇಕು.

ಮುಕ್ತಾಯಗಳಿಗೆ ಒಂದು ಸುಲಭ ಲೆಕ್ಕವಿದೆ. ‘ತ ದಿ ಗಿ ಣ ತೊಮ್’ ಸೊಲ್ಲನ್ನು ಸಮದಿಂದ ಶುರು ಮಾಡಿ ಮೂರು ಸಲ ಹೇಳಿ, ಕೊನೆಯ ತೊಮ್ ಮುಂದಿನ ಸಮಕ್ಕೆ ಬೀಳಬೇಕು. ಒಟ್ಟು ಮಾತ್ರೆಗೆ ಒಂದು ಕೂಡಿಸಿ, 15 ಕಳೆದು, ಎರಡರಿಂದ ಭಾಗಿಸಿ. ಬಂದದ್ದೇ ನಡುವೆ ಬಿಡಬೇಕಾದ ಕಾರ್ವೆ (ಖಾಲಿ ಮಾತ್ರೆ).

16 ಮಾತ್ರೆಗೆ: ಕಾರ್ವೆ 1
ಏಳರ ಎರಡು ಆವರ್ತ, 14ಕ್ಕೆ: ಕಾರ್ವೆ ಇಲ್ಲ
ಹತ್ತರ ಎರಡು ಆವರ್ತ, 20ಕ್ಕೆ: ಕಾರ್ವೆ 3
ಹನ್ನೆರಡರ ಎರಡು ಸುತ್ತು, 24ಕ್ಕೆ: ಕಾರ್ವೆ 5

ಅದೇ ಐದರ ಸೊಲ್ಲು ಕೃತಿಯ ಉದ್ದಕ್ಕೂ ಬೇರೆ ಬೇರೆ ದೇಶದ ಲಯಗಳಲ್ಲಿ ಮರಳಿ ಬಂದರೆ ಪ್ರೇಕ್ಷಕರ ಕಿವಿ ಅದನ್ನು ಗುರುತು ಹಿಡಿಯುತ್ತದೆ. ಕಾರ್ವೆ ಹಿಗ್ಗುತ್ತಾ ಹೋದಂತೆ ಆ ಮೌನದಲ್ಲಿ ಸಮಕಾಲೀನ ಚಲನೆಗೆ ಜಾಗ ಸಿಗುತ್ತದೆ. 24ರಲ್ಲಿ ಸಿಗುವ ಐದು ಮಾತ್ರೆಯ ಕಾರ್ವೆ ಒಂದು ಬೀಳು, ಒಂದು ತಿರುವಿಗೆ ಧಾರಾಳವಾಗಿ ಸಾಕು.

ಲಯವನ್ನು ಮೊದಲೇ ಕಟ್ಟಿಕೊಟ್ಟು ಸಂಗೀತ ಬರೆಸುವುದೂ ಒಂದು ದಾರಿ. 1988ರಲ್ಲಿ ಲಂಡನ್ನಿನಲ್ಲಿ ನೃತ್ಯ ಸಂಯೋಜಕಿ ಶೋಭನಾ ಜೆಯಸಿಂಗ್ ಭರತನಾಟ್ಯದ ಲಯದ ಚೌಕಟ್ಟು ಕೊಟ್ಟು, ಸಂಗೀತ ರಚನಕಾರ ಮೈಕಲ್ ನೈಮನ್ ಅವರಿಂದ ನಾಲ್ಕು ತಂತಿವಾದ್ಯಗಳಿಗೆ ಸಂಗೀತ ಮಾಡಿಸಿದರು. ಸಂಗೀತ ಮೊದಲು ಬಂದು ನೃತ್ಯ ಅದರ ಹಿಂದೆ ಓಡುವುದಕ್ಕಿಂತ ಇದು ಎಷ್ಟೋ ಮೇಲು. ಕಾಲಿನ ಲೆಕ್ಕ ಗಟ್ಟಿಯಾಗಿದ್ದರೆ ಸ್ವರಗಳು ಎಲ್ಲಿಂದ ಬಂದರೂ ಕೂರುತ್ತವೆ.

ಎಲ್ಲರಿಗೂ ಬರುವ ಭಾಷೆ ಬಾಯಿಮಾತಿನ ಸೊಲ್ಲು. ವಾದ್ಯ ಕೈಗೆತ್ತಿಕೊಳ್ಳುವ ಮುಂಚೆ ದಿನಾ ಅರ್ಧ ಗಂಟೆ, ನರ್ತಕರೂ ವಾದ್ಯದವರೂ ವೃತ್ತವಾಗಿ ಕೂತು, ಆ ದಿನದ ಲಯಗಳನ್ನು ಸೊಲ್ಲಿನಲ್ಲಿ ಹೇಳಿ ಚಪ್ಪಾಳೆ ತಟ್ಟಲಿ. ಬರೆದ ಸ್ವರಲಿಪಿ ಓದುವವರು, ಕಿವಿಯಿಂದ ಕಲಿತವರು, ಎಣಿಕೆಯಿಂದ ಕುಣಿಯುವವರು ಮೂವರೂ ಸೇರುವುದು ಅಲ್ಲಿ.

ಶ್ರುತಿ

ಯಾವ ವಾದ್ಯದ ಶ್ರುತಿ ಬದಲಿಸಲು ಆಗುವುದಿಲ್ಲವೋ ಅದರಿಂದ ಲೆಕ್ಕ ಶುರುವಾಗಲಿ. ಬಿದಿರಿನ ಕೊಳಲು, ಮರಿಂಬಾ (ಮರದ ಪಟ್ಟಿಗಳ ವಾದ್ಯ), ಹ್ಯಾಂಡ್‌ಪ್ಯಾನ್ (ಕೈಯಿಂದ ತಟ್ಟುವ ಲೋಹದ ವಾದ್ಯ) ಕದಲುವುದಿಲ್ಲ. ಪಶ್ಚಿಮ ಆಫ್ರಿಕಾದ 21 ತಂತಿಯ ಕೋರಾವನ್ನು ಏಳು ಸ್ವರಕ್ಕೆ ಒಮ್ಮೆ ಹೂಡಿದರೆ ನಡುವೆ ರಾಗ ಬದಲಿಸಲಾಗದು. ಗಾಯಕಿ ಐದು ಅಥವಾ ಐದೂವರೆ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದರೆ, ಹ್ಯಾಂಡ್‌ಪ್ಯಾನಿನ ಮೂಲಸ್ವರವನ್ನು ಷಡ್ಜ ಮಾಡಲು ಹೋಗದೆ ಮಧ್ಯಮವೋ ಪಂಚಮವೋ ಆಗಿ ಕೂರಿಸಲು ಬರುತ್ತದೆಯೇ ನೋಡಿ. ಮೃದಂಗ ಎರಡು ಶ್ರುತಿಯದು ಎರಡು ಬೇಕು, ನಡುವೆ ಕೂತು ತಟ್ಟಿ ಹೊಂದಿಸುವ ಸಮಯ ವೇದಿಕೆಯಲ್ಲಿ ಸಿಗುವುದಿಲ್ಲ.

ರಾಗದ ಆಯ್ಕೆಯಲ್ಲಿ ಒಂದು ಮಾತು ನೆನಪಿರಲಿ: ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ. ಆದರೂ ಶುರು ಮಾಡಲು ಸಾಮ್ಯ ಬೇಕು. ಶಂಕರಾಭರಣ ಪಾಶ್ಚಾತ್ಯರ ಮೇಜರ್, ಕೀರವಾಣಿ ಅವರ ಹಾರ್ಮೋನಿಕ್ ಮೈನರ್. ಮೋಹನ, ಶುದ್ಧ ಧನ್ಯಾಸಿಯಂಥ ಐದು ಸ್ವರದ ರಾಗಗಳಿಗೆ ಹಲವು ದೇಶಗಳಲ್ಲಿ ನೆಂಟರಿದ್ದಾರೆ. ಫ್ಲಮೆಂಕೊ ಗಿಟಾರಿಗೆ ವಕುಳಾಭರಣ ಹತ್ತಿರ. ಕಾರ್ಡ್ ನುಡಿಸುವ ವಾದ್ಯವಿದ್ದರೆ ತೋಡಿ, ಸಹಾನ, ಭೈರವಿ ಬೇಡ. ಅವುಗಳ ಗಾಂಧಾರ ನಿಷಾದಗಳು ತೂಗಾಡುತ್ತಲೇ ಇರುತ್ತವೆ, ಕೆಳಗೆ ಗಟ್ಟಿಯಾಗಿ ನಿಂತ ಕಾರ್ಡ್ ಅವುಗಳ ಜೊತೆ ಉಜ್ಜಾಡುತ್ತದೆ. ಬಾಸ್ ಗಿಟಾರು ಕೆಳಗಿನ ಸ್ವರವನ್ನು ಬದಲಿಸುತ್ತಾ ಹೋದರೆ ಗಾಯಕಿಯ ಷಡ್ಜವೇ ಕಾಲಡಿಯಿಂದ ಜಾರಿದಂತಾಗುತ್ತದೆ. ಆಲಾಪನೆ, ಅಭಿನಯದ ಭಾಗಗಳಲ್ಲಿ ಬಾಸ್ ಷಡ್ಜವನ್ನೋ ಪಂಚಮವನ್ನೋ ಹಿಡಿದು ಕೂರಲಿ, ನೃತ್ತ ಬಂದಾಗ ಓಡಾಡಲಿ.

ಊದ್ ಜೊತೆ ಹಿಜಾಜ್ ಎಂಬ ಮಕಾಮ್ ಬಂದರೆ ಇನ್ನೂ ಎಚ್ಚರ ಬೇಕು. ಹೆಸರಿಗೆ ಅದು ಮಾಯಾಮಾಳವಗೌಳದ ಪೂರ್ವಾಂಗ, ಸ ರಿ ಗ ಮ. ನುಡಿಸುವಾಗ ಎರಡನೇ ಸ್ವರವನ್ನು ಅವರು ಒಂದು ಎಳೆ ಮೇಲಿಡುತ್ತಾರೆ, ಮೂರನೆಯದನ್ನು ಒಂದು ಎಳೆ ಕೆಳಗೆ. ನಮ್ಮ ಕಿವಿಗೆ ಅಪಶ್ರುತಿ ಅನ್ನಿಸುವುದು ಅವರಲ್ಲಿ ಶುದ್ಧ. ಯಾರೂ ತಿದ್ದಿಕೊಳ್ಳಬೇಕಾಗಿಲ್ಲ. ಇಬ್ಬರೂ ಒಟ್ಟಿಗೆ ನಿಲ್ಲುವುದು ಸ, ಮ, ಪ ಮೇಲೆ ಮಾತ್ರ, ಉಳಿದ ಸ್ವರಗಳಲ್ಲಿ ಒಬ್ಬರ ಪಾಲು ಮುಗಿದ ಮೇಲೆ ಇನ್ನೊಬ್ಬರು ಎಂದು ಗೊತ್ತುಮಾಡಿಕೊಳ್ಳಿ.

ದೀಪಗಳು ಹೊತ್ತಿದ ಮೇಲೆ ಎಲ್ಲವೂ ಕದಲುತ್ತದೆ: ಕೊಳಲು ಏರುತ್ತದೆ, ಲೋಹದ ತಂತಿ ಇಳಿಯುತ್ತದೆ, ಒಣಗಿದ ಚರ್ಮದ ಮೃದಂಗ ಜೆಂಬೆಗಳು ಬಿಗಿದು ಮೇಲೇರುತ್ತವೆ. ದೀಪ ಹಾಕಿ 20 ನಿಮಿಷ ಬಿಟ್ಟು ಶ್ರುತಿ ಮಾಡಿ.

ವೇದಿಕೆ, ಧ್ವನಿ, ಗೆಜ್ಜೆ

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ತಾಳವಾದ್ಯದವರು 12 ಮೀಟರ್ ಹಿಂದೆ ಕೂತಿದ್ದರೆ ಮುಂದಿರುವ ನರ್ತಕರಿಗೆ ಪೆಟ್ಟು ಕೇಳುವುದು 35 ಮಿಲಿಸೆಕೆಂಡ್ ತಡವಾಗಿ. ನಿಮಿಷಕ್ಕೆ 120 ಅಕ್ಷರದ ಚತುರಶ್ರ ನಡೆಯಲ್ಲಿ (ಅಕ್ಷರಕ್ಕೆ ನಾಲ್ಕು ಮಾತ್ರೆ) ಒಂದು ಮಾತ್ರೆ 125 ಮಿಲಿಸೆಕೆಂಡ್. ಮಾತ್ರೆಯ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಆದ್ದರಿಂದ ನಟುವಾಂಗದವರು (ಕೈತಾಳ ಹಿಡಿದು ಸೊಲ್ಲು ಹೇಳಿ ನೃತ್ಯ ನಡೆಸುವವರು) ಮತ್ತು ಮುಖ್ಯ ತಾಳವಾದ್ಯ ವೇದಿಕೆಯ ಮುಂಭಾಗದ ಒಂದು ಬದಿಯಲ್ಲಿ, ನರ್ತಕರು ಹೆಚ್ಚು ಹೊತ್ತು ಇರುವ ಜಾಗದಿಂದ ನಾಲ್ಕೈದು ಮೀಟರಿನೊಳಗೆ, ಕಣ್ಣಿಗೆ ಕಣ್ಣು ಸಿಗುವಂತೆ ಕೂರಲಿ. ಎರಡೂ ಬದಿಯಿಂದ ನರ್ತಕರ ಕಡೆಗೆ ಮಾನಿಟರ್ ಸ್ಪೀಕರ್ ಇರಬೇಕು. ನಟುವಾಂಗದವರಿಗೆ ಎರಡೂ ಕಿವಿ ಮುಚ್ಚುವ ಇಯರ್‌ಫೋನ್ ಬೇಡ, ಅವರಿಗೆ ಕಾಲಿನ ಸದ್ದು ನೇರವಾಗಿ ಕೇಳಬೇಕು. ಕಾಲು ಮತ್ತು ಗೆಜ್ಜೆಗೆ ವೇದಿಕೆಯ ಅಂಚಿನಲ್ಲಿ ನೆಲಕ್ಕೆ ಅಂಟಿಸುವ ಚಪ್ಪಟೆ ಮೈಕ್ ಎರಡು ಮೂರು ಸಾಕು. ಊದ್, ಕೋರಾಗಳ ಸದ್ದು ಮೆದು. ಅವಕ್ಕೆ ವಾದ್ಯಕ್ಕೇ ಸಿಕ್ಕಿಸುವ ಮೈಕ್ ಕೊಟ್ಟು, ಜೆಂಬೆಯನ್ನು ಅವುಗಳಿಂದ ದೂರವಿಡಿ.

ಗೆಜ್ಜೆ ಹಾಕಿ ಹೊರಳಿದರೆ ಗಂಟೆಗಳು ಇನ್ನೊಂದು ಕಾಲಿನ ಎಲುಬಿಗೆ ಬಡಿಯುತ್ತವೆ, ಮ್ಯಾಟ್ ಹರಿಯುತ್ತದೆ, ಮೌನದ ಭಾಗದಲ್ಲಿ ಪ್ರತಿ ಹೆಜ್ಜೆಯೂ ಸದ್ದು ಮಾಡುತ್ತದೆ. ದಾರಕ್ಕೆ ಪೋಣಿಸಿದ ಕಥಕ್ ಗೆಜ್ಜೆ ಬಿಚ್ಚಿ ಕಟ್ಟಲು ನಿಮಿಷಗಳೇ ಬೇಕು. ಚರ್ಮದ ಪಟ್ಟಿಯ, ವೆಲ್ಕ್ರೋ ಹಾಕಿಸಿದ ಗೆಜ್ಜೆ 15 ಸೆಕೆಂಡಿನಲ್ಲಿ ಬಿಚ್ಚುತ್ತದೆ. ಆ ಬಿಚ್ಚುವಿಕೆಯನ್ನು ಬದಿಗೆ ಹೋಗಿ ಮುಚ್ಚಿಟ್ಟು ಮಾಡದೆ, ವೇದಿಕೆಯ ಮೇಲೆಯೇ ಕೃತಿಯ ಭಾಗವಾಗಿ ಮಾಡಿದರೆ ಅದೂ ಒಂದು ಬೆಸುಗೆಯಾಗುತ್ತದೆ. ಆರರಲ್ಲಿ ಇಬ್ಬರಿಗೆ ಮಾತ್ರ ಗೆಜ್ಜೆ ಕಟ್ಟಿ, ಆ ಇಬ್ಬರು ನೆಲಕ್ಕೆ ಇಳಿಯದಂತೆ ಸಂಯೋಜಿಸುವುದು ಇನ್ನೂ ಸರಳ.

ಉಡುಪಿನಲ್ಲಿ ಮುಂಭಾಗದ ಬೀಸಣಿಗೆ ಮಡಿಕೆ ಕಾಲಿನ ಹರವನ್ನು ಕಟ್ಟಿಹಾಕುತ್ತದೆ, ಜರಿ ನೆಲದ ಕೆಲಸದಲ್ಲಿ ಚರ್ಮ ತರಚುತ್ತದೆ. ಕಚ್ಚೆಯ ಅಥವಾ ಪೈಜಾಮದ ಕಟ್ಟು ಒಳ್ಳೆಯದು. ಕಾಲಿಗೆ ಹಚ್ಚುವ ಕೆಂಪು ಬಣ್ಣ ಅಲ್ತಾ ಬೆವರಿಗೆ ಕರಗಿ ಮ್ಯಾಟಿನ ಮೇಲೆ ಕೆಂಪು ಅಚ್ಚು ಬಿಡುತ್ತದೆ, ಜಾರುತ್ತದೆ ಕೂಡ. ದೀಪದ ವಿಷಯ ಒಂದೇ ಮಾತು: ಅಭಿನಯಕ್ಕೆ ಮುಂದಿನ ಬೆಳಕು, ನೆಲದ ಕೆಲಸಕ್ಕೆ ಬದಿಯ ಬೆಳಕು, ಬದಲಾವಣೆಯನ್ನು ಬೆಸುಗೆಯ ಜಾಗದಲ್ಲಿ ಮಾಡದೆ ಅದಕ್ಕೆ ಒಂದು ಆವರ್ತ ಮುಂಚೆಯೇ ಶುರು ಮಾಡಿ.

ತಾಲೀಮಿನ ಅನುಕ್ರಮ

ಹತ್ತು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ. ಮೊದಲ ಮೂರು ವಾರ ನರ್ತಕರು ಮತ್ತು ಒಬ್ಬರೇ ತಾಳವಾದ್ಯದವರು. ನಾಲ್ಕನೇ ವಾರ ಎಲ್ಲ ವಾದ್ಯದವರೂ ಎರಡು ದಿನ ಬಂದು ಲಯ, ಶ್ರುತಿ ಗೊತ್ತುಮಾಡಲಿ. ಅದನ್ನು ರೆಕಾರ್ಡ್ ಮಾಡಿಕೊಂಡು ಮುಂದಿನ ಮೂರು ವಾರ ಅದರ ಮೇಲೆ ಕೆಲಸ. ಎಂಟನೇ ವಾರದಿಂದ ಎಲ್ಲರೂ ಒಟ್ಟಿಗೆ. ರೆಕಾರ್ಡಿಂಗಿಗೆ ಒಗ್ಗಿದ ಮೈ ಎಂಟನೇ ವಾರದ ಮೊದಲೆರಡು ದಿನ ಕೈಕೊಡುತ್ತದೆ, ಏಕೆಂದರೆ ಜೀವಂತ ವಾದ್ಯದವರ ಕಾಲಪ್ರಮಾಣ ದಿನಕ್ಕೊಂದು ಎಳೆ ಏರುಪೇರಾಗುತ್ತದೆ. ಅದಕ್ಕೇ ಐದನೇ ವಾರದಿಂದಲೇ ಪ್ರತಿ ಭಾಗವನ್ನೂ ನಿಗದಿತ ಕಾಲಪ್ರಮಾಣಕ್ಕಿಂತ ಎರಡು ಮೂರು ಹಂತ ನಿಧಾನವಾಗಿಯೂ ಚುರುಕಾಗಿಯೂ ಮಾಡಿ ನೋಡಿರಬೇಕು.

ಮನೋಧರ್ಮಕ್ಕೆ (ಆ ಕ್ಷಣದ ಸ್ವಂತ ಕಲ್ಪನೆಗೆ) ಜಾಗ ಬಿಡುವುದಾದರೆ, ಅದು ಎಷ್ಟು ಆವರ್ತ ಎಂದು ಕಟ್ಟಬೇಡಿ, ಹೇಗೆ ಮುಗಿಯುತ್ತದೆ ಎಂದು ಕಟ್ಟಿ. ಒಬ್ಬ ನರ್ತಕಿ ನಿಗದಿತ ಜಾಗಕ್ಕೆ ಬಂದು ಬೆನ್ನು ತಿರುಗಿಸಿ ನಿಂತರೆ ಇನ್ನು ಎರಡು ಆವರ್ತ ಮಾತ್ರ ಎಂದು ಅರ್ಥ. ಕೈಸನ್ನೆ ಬೇಡ, ಹಸ್ತಗಳ ನಡುವೆ ಅದು ಕಳೆದುಹೋಗುತ್ತದೆ.

ಕೆಲವು ಲಯಗಳು, ಹಾಡುಗಳು ಅವುಗಳ ಊರಿನಲ್ಲಿ ಪೂಜೆಗೋ ಸಾವಿಗೋ ಮೀಸಲಾಗಿರುತ್ತವೆ. ವಾದ್ಯದವರನ್ನು ಕೇಳಿ, ಬೇಡವೆಂದರೆ ಬಿಟ್ಟುಬಿಡಿ. ಗುರುಗಳ ಜತಿ ಬಳಸಿದರೆ ಹೆಸರು ಹಾಕಿ. ರೆಕಾರ್ಡಿಂಗ್ ಯಾರ ಹಕ್ಕು ಎಂಬುದನ್ನು ಮೊದಲ ವಾರವೇ ಬರೆದುಕೊಳ್ಳಿ.

ತಪ್ಪಿದರೆ ಎಲ್ಲಿ ಸೇರುವುದು

ಐದು ದೇಶದ ಕೈಗಳು ಒಟ್ಟಿಗೆ ನುಡಿಸುವಾಗ ಒಂದಲ್ಲ ಒಂದು ದಿನ ತಾಳ ತಪ್ಪಿಯೇ ತಪ್ಪುತ್ತದೆ. ಕೃತಿಯಲ್ಲಿ ನಾಲ್ಕು ನಿಮಿಷಕ್ಕೊಂದರಂತೆ ಐದು ಸೇರುವ ಜಾಗ ಗುರುತಿಸಿ. ಪ್ರತಿಯೊಂದಕ್ಕೂ ತಪ್ಪಿಲ್ಲದೆ ಗುರುತಿಸಬಹುದಾದ ಒಂದು ಸದ್ದು, ಒಂದು ನಿಲುವು ಇರಲಿ: ಕೈತಾಳದ ಮೂರು ಬಿಡಿ ಪೆಟ್ಟು ಮತ್ತು ಎಲ್ಲರೂ ಪೂರ್ಣಮಂಡಿ, ಹೀಗೆ. ತಪ್ಪಿದಾಗ ಹಿಡಿಯಲು ಹೋಗಿ ಒಬ್ಬೊಬ್ಬರೂ ಒಂದೊಂದು ಕಡೆ ಜಿಗಿಯುವುದರಿಂದಲೇ ಹಾನಿ ಹೆಚ್ಚು. ನರ್ತಕರು ಮಾಡುತ್ತಿರುವ ಅಡವನ್ನೇ ಮುಂದುವರಿಸಲಿ, ಸ್ವರವಾದ್ಯದವರು ಷಡ್ಜಕ್ಕೆ ಬಂದು ನಿಲ್ಲಲಿ, ತಾಳ ಹಿಡಿದ ಒಬ್ಬರು ಮಾತ್ರ ನರ್ತಕರ ಕಾಲು ನೋಡಿ ಸಮ ಹುಡುಕಲಿ. ಕೊನೆಯ ವಾರದಲ್ಲಿ ಮೂರು ದಿನ, ಯಾರಿಗೂ ಮುಂಚೆ ಹೇಳದೆ, ಓಡುತ್ತಿರುವ ಕೃತಿಯ ನಡುವೆ ಮೃದಂಗವನ್ನೋ ಜೆಂಬೆಯನ್ನೋ ಥಟ್ಟನೆ ನಿಲ್ಲಿಸಿಬಿಡಿ. ಎರಡು ಆವರ್ತದೊಳಗೆ ಎಲ್ಲರೂ ಮತ್ತೆ ಒಂದೇ ಸಮಕ್ಕೆ ಬಂದರೆ ಕೃತಿ ವೇದಿಕೆ ಹತ್ತಬಹುದು. ಬಾರದಿದ್ದರೆ ಮಾರನೆಯ ದಿನದ ತಾಲೀಮು ಬರೀ ಆ ಜಾಗಕ್ಕೆ.